ಅಂಜಿನಪ್ಪ ಕೊಂಡ ಹುಲ್ಲು

ಬೀರೂರು ಸ್ಟೇಷನ್ನಿನ ಮುಂದೆ ಜಟಕಾಗಳು ಸಾಲಾಗಿ ನಿಲ್ಲುತ್ತಿದ್ದ ಕಾಲದಲ್ಲಿ ಅಂಜಿನಪ್ಪನ ಗಾಡಿ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಉಳಿದವರು ರೈಲು ಬರುವವರೆಗೆ ಗಾಡಿಯಲ್ಲೇ ಕೂತು ಬೀಡಿ ಸೇದುತ್ತಿದ್ದರು. ಅಂಜಿನಪ್ಪ ಮಾತ್ರ ಕುದುರೆ ಕಟ್ಟುವ ಜೋಡಿಮರದ ಮೂಕಿಯನ್ನು ಒಂದು ಕವೆಗೋಲಿನ ಮೇಲೆ ಎತ್ತಿ ನಿಲ್ಲಿಸಿ, ಕುದುರೆಯ ಬೆನ್ನಿನ ಭಾರ ಇಳಿಸಿ, ತಾನು ನೆಲದ ಮೇಲೆ ಕೂರುತ್ತಿದ್ದ. ಅವನ ಕುದುರೆಯ ಹೆಸರು ಸಿಂಗಾರಿ. ಕೆಂಪು ಮೈಯ ಹೆಣ್ಣು ಕುದುರೆ. ಜೊತೆಯವರು ಅವನನ್ನು ಸಿಂಗಾರಿ ಗಂಡ ಎಂದು ಕರೆಯುತ್ತಿದ್ದರು.

"ಹಂಗಾದ್ರೆ ನಾನ್ಯಾರಮ್ಮ? ಸವತಿ" ಎಂದು ಅವನ ಹೆಂಡತಿ ಹಾಲಮ್ಮ ನಗುತ್ತಿದ್ದಳು. ಅವಳು ನಮ್ಮ ಬೀದಿಗೆ ಬೆರಣಿ ಮಾರಲು ಬರುತ್ತಿದ್ದಳು. ಬುಟ್ಟಿ ಖಾಲಿಯಾದ ಮೇಲೆ ನಮ್ಮ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಮಾತಾಡುತ್ತಿದ್ದಳು. ಇಲ್ಲಿ ಬರೆದಿರುವುದರಲ್ಲಿ ಕೆಲವನ್ನು ನಾನೇ ನೋಡಿದ್ದೇನೆ. ಉಳಿದದ್ದೆಲ್ಲ ಅವಳು ಹೇಳಿದ್ದು.

ಅಂಜಿನಪ್ಪ ಗಾಡಿ ಹತ್ತಿಸುವ ರೀತಿಯೇ ಬೇರೆ. "ಯಜಮಾನ್ರೇ, ನೀವು ಒಂಚೂರು ಹಿಂದಕ್ಕೆ. ಅಮ್ಮಾವ್ರೇ, ನೀವು ಮುಂದಕ್ಕೆ ಬನ್ನಿ. ಆ ಮೂಟೆ ಮಧ್ಯಕ್ಕೆ. ಹಾಂ, ಈಗ ನೋಡಿ, ನೀವು ಕೂತಿದ್ದೀರೋ ಇಲ್ವೋ ಸಿಂಗಾರಿಗೆ ಗೊತ್ತೇ ಆಗಲ್ಲ."

"ಬಾಡಿಗೆನೂ ಹಂಗೇ, ನಮಗೆ ಗೊತ್ತಾಗ್ದಂಗೆ ತಗೊಳ್ಳಪ್ಪ" ಎಂದು ಯಾರಾದರೂ ಅನ್ನುತ್ತಿದ್ದರು.

ಇಷ್ಟು ನಾಜೂಕಿಗೆ ಕಾರಣವಿತ್ತು. ಅವನ ಅಪ್ಪನದೂ ಜಟಕಾ. ಅಪ್ಪನ ಕುದುರೆ ಕಡೂರಿನ ರಸ್ತೆಯಲ್ಲಿ, ತುಂಬಿದ ಗಾಡಿಯ ಮುಂದೆ, ಮೂಕಿಯ ನಡುವೆಯೇ ಕುಸಿದು ಸತ್ತಿತ್ತು. ಗಾಡಿಯಲ್ಲಿದ್ದವರು ಇಳಿದು, ಬೈದು, ನಡೆದು ಹೋದರು. ಅಪ್ಪ ಪಟ್ಟಿಗಳನ್ನು ಬಿಚ್ಚಲಾರದೆ ಚಾಕುವಿನಿಂದ ಕೊಯ್ದು ಕುದುರೆಯನ್ನು ಬಿಡಿಸಿದನಂತೆ. ಸಿಂಗಾರಿ ಹಾಗೆ ಸಾಯಬಾರದು ಎಂಬುದೊಂದೇ ಅಂಜಿನಪ್ಪನ ಆಸೆ. ಅವಳಿಗೆ ವಯಸ್ಸಾದ ಮೇಲೆ ಹಗ್ಗವಿಲ್ಲದೆ ನಿಲ್ಲಲು ಒಂದಿಷ್ಟು ಹುಲ್ಲಿನ ನೆಲ ಬೇಕು, ಮಳೆಗೆ ಒಂದು ಸೂರು ಬೇಕು. ಅವರ ಕೇರಿಯಲ್ಲಿ ಕುದುರೆ ಕಟ್ಟಲು ಇದ್ದದ್ದು ಚರಂಡಿಯ ಪಕ್ಕದ ಒಂದು ಗೂಟ. ಮಲಗಿದರೆ ಹೊರಳಲು ಜಾಗವಿರಲಿಲ್ಲ.

ಹಿರೇನಲ್ಲೂರಿನ ಕಡೆ ಕರೆಕಲ್ಲಹಟ್ಟಿ ಎಂಬ ಸಣ್ಣ ಊರು. ಅಲ್ಲಿನ ಪಟೇಲ್ ಬೆನಕಪ್ಪನವರು ಬೀರೂರಿಗೆ ಬಂದಾಗಲೆಲ್ಲ ಅಂಜಿನಪ್ಪನ ಗಾಡಿಯಲ್ಲೇ ಊರಿಗೆ ಹೋಗುತ್ತಿದ್ದರು. ಸರ್ಕಾರ ಪಟೇಲಿಕೆ ತೆಗೆದು ಹತ್ತು ವರ್ಷವಾಗಿದ್ದರೂ ಜನ ಅವರನ್ನು ಪಟೇಲರೆಂದೇ ಕರೆಯುತ್ತಿದ್ದರು. ಅವರ ತಂದೆಯ ಕಾಲದಲ್ಲಿ ಮನೆಯಲ್ಲಿ ಸವಾರಿ ಕುದುರೆಗಳಿದ್ದವು. ಊರಿನ ಅಂಚಿನಲ್ಲಿ ಅವುಗಳಿಗೆಂದು ಕಟ್ಟಿಸಿದ ಕಲ್ಲಿನ ಲಾಯ ಇನ್ನೂ ನಿಂತಿತ್ತು. ಲಾಯದ ಸುತ್ತ ಎರಡು ಎಕರೆ ಹುಲ್ಲು. ಸುತ್ತಮುತ್ತಲಿನ ಬಯಲೆಲ್ಲ ದನ ಮೇಯ್ದು ಬೋಳಾಗಿದ್ದರೂ ಆ ಎರಡು ಎಕರೆ ಮಾತ್ರ ಮೊಣಕಾಲೆತ್ತರ ಹಸಿರು.

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಒಂದು ಸಂಜೆ ಸಿಂಗಾರಿ ಆ ಹುಲ್ಲಿನ ಮುಂದೆ ತಾನಾಗಿಯೇ ನಿಂತುಬಿಟ್ಟಳು.

"ಯಾಕೋ ಅಂಜಿನ, ನಿನ್ ಕುದ್ರೆ ನಿಂತ್ಬಿಡ್ತು?" ಎಂದರು ಪಟೇಲರು.

"ತಮ್ಮ ಹುಲ್ಲು ನೋಡಿ ನಿಂತಳು ಬುದ್ಧಿ."

"ಮೇಯಲಿ ಬಿಡು. ಇನ್ಯಾರು ತಿನ್ನೋರವ್ರೆ ಅದನ್ನ? ನನ್ ಮಗ ಮೋಟಾರ್ ಸೈಕಲ್ ತಂದವ್ನೆ. ಅದು ಪೆಟ್ರೋಲ್ ಕುಡೀತದೆ, ಹುಲ್ಲು ಮೂಸೋದೂ ಇಲ್ಲ."

ಅಂಜಿನಪ್ಪ ಧೈರ್ಯ ಮಾಡಿ ಕೇಳಿಯೇಬಿಟ್ಟ. "ಕೊಡೋದಾದ್ರೆ ನಂಗೆ ಕೊಡಿ ಬುದ್ಧಿ."

ಪಟೇಲರು ನಕ್ಕರು. "ಏನ್ ಬೆಳೀತೀಯೋ ಅದ್ರಲ್ಲಿ?"

"ಏನೂ ಇಲ್ಲ. ಹಂಗೇ ಬಿಡ್ತೀನಿ."

"ಹಂಗೇ ಬಿಡೋಕೆ ಯಾರಾದ್ರೂ ಭೂಮಿ ಕೊಳ್ತಾರೇನೋ?"

ಆದರೂ ಕೊಟ್ಟರು. ಅವರಿಗೂ ಅದರಿಂದ ಏನೂ ಬರುತ್ತಿರಲಿಲ್ಲ. ಅಂಜಿನಪ್ಪ ಕೇರಿಯ ಮನೆಯನ್ನು ಮಾರಿದ, ಹಾಲಮ್ಮನ ಕಿವಿಯ ಓಲೆ ಮಾರಿದ, ಅದೂ ಸಾಲದೆ ಜಟಕಾವನ್ನೇ ಮಾರಿದ. ಸ್ಟೇಷನ್ನಿನ ಮುಂದೆ ನಗೆಯೋ ನಗೆ. "ಕುದ್ರೆ ಮಾರಿ ಗಾಡಿ ಇಟ್ಕೊಂಡೋರ್ನ ನೋಡಿದ್ವಿ. ಗಾಡಿ ಮಾರಿ ಕುದ್ರೆ ಇಟ್ಕೊಂಡೋನು ನೀನೊಬ್ನೇ ಕಣೋ."

"ಇಷ್ಟು ವರ್ಷ ಅವಳು ಎಳೆದ್ಲು. ಇನ್ಮೇಲೆ ನಾನು ಹೊರ್ತೀನಿ" ಎಂದನಂತೆ ಅಂಜಿನಪ್ಪ. ಹಾಗೆಯೇ ಮಾಡಿದ. ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಕಡೂರಿನಲ್ಲಿ ರಿಜಿಸ್ಟರ್ ಮುಗಿಸಿ ಬಂದ ದಿನ ಗಂಡ ಹೆಂಡತಿ ಸಿಂಗಾರಿಯನ್ನು ಹಿಡಿದುಕೊಂಡು, ಪಾತ್ರೆಗಳ ಗಂಟನ್ನು ಅವಳ ಮೇಲೆ ಹೇರದೆ ತಾವೇ ಹೊತ್ತುಕೊಂಡು, ನಮ್ಮ ಬೀದಿಯಲ್ಲೇ ನಡೆದು ಹೋದರು.

ಲಾಯದ ಒಂದು ಕೊನೆಯಲ್ಲಿ ಸಿಂಗಾರಿ, ಇನ್ನೊಂದು ಕೊನೆಯಲ್ಲಿ ಇವರ ಒಲೆ. ಕುದುರೆಗೆ ಮೇವು ಹಾಕುವ ಕಲ್ಲಿನ ಗೋದಲಿಗಳಲ್ಲಿ ಹಾಲಮ್ಮ ರಾಗಿ, ಮೆಣಸಿನಕಾಯಿ, ತನ್ನ ಸೀರೆಗಳನ್ನು ಇಟ್ಟಿದ್ದಳು. "ಪಟೇಲ್ರ ಕುದ್ರೆ ಇದ್ದ ಮನೆ ಕಣಮ್ಮ. ನಮ್ಮ ಹಳೇ ಮನೆಗಿಂತ ಎತ್ರ" ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಮೊದಲ ದಿನ ಕೊರಳ ಹಗ್ಗ ಬಿಚ್ಚಿದಾಗ ಸಿಂಗಾರಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು. ಆಮೇಲೆ ಮುಂಗಾಲು ಮಡಚಿ ಹುಲ್ಲಿನ ಮೇಲೆ ಬಿದ್ದು, ನಾಲ್ಕೂ ಕಾಲು ಮೇಲೆತ್ತಿ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳಿದಳು. ಅಂಜಿನಪ್ಪ ಕಣ್ಣೊರೆಸಿಕೊಂಡದ್ದನ್ನು ಹಾಲಮ್ಮ ಹೇಳಿದಳು. ಆ ವರ್ಷ ಗಣಪತಿ ಹಬ್ಬಕ್ಕೆ ನಮ್ಮ ಮನೆಗೆ ಗರಿಕೆ ಬಂದದ್ದು ಅಲ್ಲಿಂದಲೇ. ಅಷ್ಟು ಎಳೆಯ, ಅಷ್ಟು ಉದ್ದದ ಗರಿಕೆಯನ್ನು ನಾನು ದೇವರಿಗೆ ಹಿಂದೆ ಇಟ್ಟಿರಲಿಲ್ಲ.

ಮರುವರ್ಷದ ಮಳೆಗೆ ಹುಲ್ಲು ಮತ್ತೆ ಎದ್ದಿತು. ಒಂದು ಬೆಳಿಗ್ಗೆ ಅಂಜಿನಪ್ಪ ಮೂಟೆ ಹೊರಲು ಬೀರೂರಿಗೆ ಹೋದ ಮೇಲೆ ಊರಿನ ದನಗಳು ಒಳಗೆ ಬಂದವು. ನಾಲ್ಕೈದಲ್ಲ, ಊರಿನ ಇಡೀ ಮಂದೆ. ಹಾಲಮ್ಮ ಕೋಲು ಹಿಡಿದು ಓಡಾಡಿದಳು. ಒಂದು ಕಡೆ ಓಡಿಸಿದರೆ ಇನ್ನೊಂದು ಕಡೆಯಿಂದ ಬರುತ್ತಿದ್ದವು. ಸಂಜೆಯ ಹೊತ್ತಿಗೆ ಹುಲ್ಲು ಗೊರಸಿನಡಿ ಕೆಸರಾಗಿತ್ತು. ಅಂಜಿನಪ್ಪ ಜಾಲಿಮುಳ್ಳು ಕಡಿದು ಸುತ್ತ ಬೇಲಿ ಹಾಕಿದ. ಮೂರನೆಯ ದಿನ ಬೇಲಿಯನ್ನು ಯಾರೋ ಪಕ್ಕಕ್ಕೆ ಎಳೆದು ಹಾಕಿದ್ದರು. ಮತ್ತೆ ಹಾಕಿದ. ಮತ್ತೆ ಎಳೆದರು.

ಊರಿನಲ್ಲಿ ಹೆಚ್ಚು ದನ ಇದ್ದದ್ದು ತಿಮ್ಮರಾಯಪ್ಪನಿಗೆ. ಗಂಡ ಹೆಂಡತಿ ಅವನ ಮನೆಯ ಮುಂದೆ ಹೋಗಿ ನಿಂತರು.

"ಬೇಲಿ ಕಿತ್ತೋನು ನಾನೇ ಕಣಯ್ಯಾ" ಎಂದ ತಿಮ್ಮರಾಯಪ್ಪ, ಮುಚ್ಚುಮರೆಯಿಲ್ಲದೆ. "ಹುಲ್ಲಿಗೆ ಬೇಲಿ ಹಾಕೋರು ಉಂಟೇನಯ್ಯಾ? ನೀನೇನು ಉತ್ತಿದ್ದೀಯಾ, ಬಿತ್ತಿದ್ದೀಯಾ? ಮಳೆ ಬಂತು, ಹುಲ್ಲು ಬಂತು. ಬೀಳು ಬಿದ್ದ ನೆಲದಾಗಿನ ಹುಲ್ಲು ಎಲ್ಲಾರ್ದೂ. ನಮ್ ಬೀಳಿಗೆ ನಿನ್ ಕುದ್ರೆ ಬರ್ಲಿ, ನಾನ್ ಬ್ಯಾಡ ಅಂತೀನಾ?"

"ನಿಮ್ ಬೀಳಾಗೆ ಮಣ್ಣು ಬಿಟ್ರೆ ಏನೈತೆ ತಿನ್ನೋಕೆ?" ಎಂದಳು ಹಾಲಮ್ಮ.

"ಅದು ಬೇರೆ ಮಾತು ಕಣಮ್ಮ. ನ್ಯಾಯ ನ್ಯಾಯನೇ. ಯಾರು ಬೇಲಿ ಹಾಕಿದ್ರೂ ಕೀಳ್ತಿದ್ದೆ."

"ಪಟೇಲ್ರು ಹಾಕಿದ್ರೆ?"

ತಿಮ್ಮರಾಯಪ್ಪ ಅವಳನ್ನು ಬಿಟ್ಟು ಅಂಜಿನಪ್ಪನ ಕಡೆ ತಿರುಗಿದ. "ಉತ್ತು ಬಿತ್ತು ಮಾಡು. ಆಮೇಲೆ ನಮ್ ದನ ಒಂದು ಕಾಲಿಟ್ರೂ ಬಂದು ನನ್ ಕಪಾಳಕ್ಕೆ ಹೊಡಿ."

ಅಂಜಿನಪ್ಪ ಪಟೇಲರ ಮನೆಗೆ ಹೋದ. ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿಕೊಂಡ. ಬೆನಕಪ್ಪನವರು ಕೇಳಿ, ಸಿಟ್ಟಾಗದೆ, ಸಮಾಧಾನವಾಗಿಯೇ ಮಾತಾಡಿದರು.

"ನಮ್ಮಪ್ಪನ ಕಾಲದಿಂದ ಅದಕ್ಕೆ ಬೇಲಿ ಇತ್ತೇನೋ?"

"ಇರ್ಲಿಲ್ಲ ಬುದ್ಧಿ."

"ಮತ್ತೆ ದನ ಯಾಕೆ ಬರ್ತಿರ್ಲಿಲ್ಲ?"

ಅಂಜಿನಪ್ಪ ಪಟೇಲರ ಮುಖ ನೋಡಿದ.

"ನಮಗೆ ಹೆದ್ರುತಿದ್ರು, ಅದಕ್ಕೆ. ನಾನು ನಿಂಗೆ ಮಾರಿದ್ದು ಹುಲ್ಲು ಕಣೋ. ಹೆದರಿಕೆನ ಹೆಂಗೆ ಮಾರ್ಲಿ?"

ಅದು ಕುಹಕವಾಗಿರಲಿಲ್ಲ, ಅವರಿಗೆ ಗೊತ್ತಿದ್ದ ನಿಜವನ್ನು ಹೇಳಿದ್ದರು. ಕೊಳ್ಳುವಾಗ ಅಂಜಿನಪ್ಪನಿಗೂ ಅದು ತಿಳಿಯಬಹುದಾಗಿತ್ತು. ಸುತ್ತೆಲ್ಲ ಬೋಳಾಗಿ ಇದೊಂದೇ ಹಸಿರಾಗಿರುವುದು ಏಕೆ ಎಂದು ಅವನು ಕೇಳಿಕೊಂಡಿರಲಿಲ್ಲ. ನೆಲ ಒಳ್ಳೆಯದು ಎಂದುಕೊಂಡಿದ್ದ. ಹುಟ್ಟಿದಾಗಿನಿಂದ ಪಟೇಲರಿಗೆ ಹೆದರಿಕೊಂಡೇ ಬೆಳೆದವನಿಗೆ, ಆ ಹೆದರಿಕೆ ಬೇಲಿಯ ಹಾಗೆ ನಿಂತಿರುವುದು ಕಣ್ಣಿಗೆ ಬೀಳಲಿಲ್ಲ.

ಒಂದು ವರ್ಷ ಹಾಗೆಯೇ ಕಳೆಯಿತು. ದನ ತಿಂದು ಉಳಿದದ್ದನ್ನು ಸಿಂಗಾರಿ ತಿನ್ನಬೇಕಾಯಿತು. ಮಂದೆ ಬಂದಾಗ ಕೋಡಿಗೆ ಹೆದರಿ ಅವಳು ಲಾಯದ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಎಪ್ಪತ್ತಾರರ ಮುಂಗಾರಿಗೆ ಅಂಜಿನಪ್ಪ ಉಳುವುದಕ್ಕೆ ಒಪ್ಪಿದ. ಸುತ್ತ ನಾಲ್ಕು ಸಾಲು ಉತ್ತು ಹುರುಳಿ ಚೆಲ್ಲಿ, ಒಳಗಿನ ಹುಲ್ಲನ್ನು ಹಾಗೇ ಬಿಡೋಣ ಎಂದು ಅವನ ಲೆಕ್ಕ.

"ನಾಲ್ಕು ಸಾಲು ಉಳುಮೆ ಅಲ್ಲ ಕಣಯ್ಯಾ, ಆಟ" ಎಂದ ತಿಮ್ಮರಾಯಪ್ಪ. "ಅರ್ಧ ಉತ್ರೆ ಉಳಿದರ್ಧಕ್ಕೆ ದನ ಬರ್ತಾವೆ. ಪೂರ್ತಿ ಉಳು. ಹುರುಳಿ ಹಾಕು. ಕುದ್ರೆಗೆ ಹುರುಳಿಗಿಂತ ಬೇಕಾ? ಎತ್ತು ನಾನೇ ತರ್ತೀನಿ. ಬಾಡಿಗೆ ಬ್ಯಾಡ."

ಅವನು ಆಡಿದ ಹಾಗೆಯೇ ನಡೆದುಕೊಂಡ. ತನ್ನ ಎತ್ತು, ತನ್ನ ನೇಗಿಲು ತಂದು ಇಡೀ ಎರಡು ಎಕರೆಯನ್ನು ಉತ್ತು ಕೊಟ್ಟ. ಎಷ್ಟೋ ಕಾಲದಿಂದ ಕಬ್ಬಿಣ ತಾಗದ ನೆಲ. ನೇಗಿಲು ಹೋದಲ್ಲೆಲ್ಲ ಹುಲ್ಲಿನ ಬೇರು ಬಿಳಿಯ ಜಡೆಗಳಂತೆ ಮೇಲೆದ್ದು ಬಿಸಿಲಿಗೆ ಬಿದ್ದವು. ಹಾಲಮ್ಮ ಅವನ್ನು ಬುಟ್ಟಿಯಲ್ಲಿ ಆಯ್ದು ಸಿಂಗಾರಿಯ ಮುಂದೆ ಹಾಕಿದಳು. ಮಣ್ಣಿನೊಡನೆಯೇ ತಿಂದಳು.

ಆ ವರ್ಷ ಹುರುಳಿ ಬಂತು. ಒಂದು ದನವೂ ಒಳಗೆ ಕಾಲಿಡಲಿಲ್ಲ. ತಿಮ್ಮರಾಯಪ್ಪ ತನ್ನ ಮಂದೆಯನ್ನು ದೂರದಿಂದಲೇ ಸುತ್ತಿ ಹೊಡೆದುಕೊಂಡು ಹೋಗುತ್ತಿದ್ದ. ಆದರೆ ಹುರುಳಿಯ ನಡುವೆ ಇವರು ಬಿತ್ತದ ಗಿಡವೊಂದು ಎದ್ದಿತು. ಎಲೆ ಸೇವಂತಿಗೆಯ ಎಲೆಯಂತೆ, ತುದಿಯಲ್ಲಿ ಅಕ್ಕಿಯ ನುಚ್ಚಿನಂಥ ಬಿಳಿ ಹೂ. ರೈಲ್ವೆ ಹಳಿಯ ಪಕ್ಕದಲ್ಲಿ ಆಗಲೇ ಎಲ್ಲರೂ ಅದನ್ನು ನೋಡಿದ್ದರು. ಕಾಂಗ್ರೆಸ್ ಗಿಡ ಎನ್ನುತ್ತಿದ್ದರು. ಹುಲ್ಲಿನ ಬೇರು ಹೆಣೆದುಕೊಂಡು ಗಟ್ಟಿಯಾಗಿದ್ದಷ್ಟು ದಿನ ಅದಕ್ಕೆ ಆ ನೆಲದಲ್ಲಿ ಜಾಗ ಸಿಕ್ಕಿರಲಿಲ್ಲ. ಉತ್ತ ಮೇಲೆ ಸಿಕ್ಕಿತು.

ಮರುವರ್ಷ ಹುರುಳಿ ಕಡಿಮೆ, ಗಿಡ ಹೆಚ್ಚು. ಅದರ ಮರುವರ್ಷ ಸೊಂಟದೆತ್ತರ ಬರಿಯ ಆ ಗಿಡವೇ. ದೂರದಿಂದ ನೋಡಿದರೆ ಯಾರೋ ಹೂವಿನ ತೋಟ ಮಾಡಿದಂತಿತ್ತು. ದನ ಮೂಸುವುದಿಲ್ಲ, ಕುದುರೆ ಮೂಸುವುದಿಲ್ಲ. ಈಗ ಬೇಲಿ ಬೇಕಾಗಿರಲಿಲ್ಲ. ಯಾರ ದನವೂ ಆ ಕಡೆ ತಿರುಗುತ್ತಿರಲಿಲ್ಲ. ತಿಮ್ಮರಾಯಪ್ಪ ಒಮ್ಮೆ ಬಂದು ಗಿಡಗಳ ಮುಂದೆ ನಿಂತು, "ಥೂ, ಹಿಂಗಾಗ್ತದೆ ಅಂತ ಯಾರಿಗೆ ಗೊತ್ತಿತ್ತು" ಎಂದು ಹೇಳಿ, ಮನೆಯಿಂದ ಒಂದು ಹೊರೆ ರಾಗಿಹುಲ್ಲು ಕಳಿಸಿಕೊಟ್ಟ.

ಸಿಂಗಾರಿಯನ್ನು ಮತ್ತೆ ಲಾಯದೊಳಗೇ ಕಟ್ಟಬೇಕಾಯಿತು. ಹೊರಗೆ ಬಿಟ್ಟರೆ ಆ ಗಿಡಗಳ ನಡುವೆ ತಲೆ ತಗ್ಗಿಸಿ ಹುಡುಕುತ್ತ ಹೋಗಿ, ಏನೂ ಸಿಗದೆ, ಮೂಗು ಕೆರೆದುಕೊಂಡು ಬರುತ್ತಿದ್ದಳು. ಮೂಟೆ ಹೊತ್ತ ಕೂಲಿಯ ಬಹುಪಾಲು ಅವಳ ಮೇವಿಗೇ ಹೋಗುತ್ತಿತ್ತು.

ಅಂಜಿನಪ್ಪ ಗಿಡ ಕೀಳಲು ಹೊರಟ. ಗೂಡ್ಸ್ ಶೆಡ್ಡಿಗೆ ಹೋಗುವ ಮುಂಚೆ, ಬಂದ ಮೇಲೆ, ಬರಿಗೈಯಲ್ಲಿ. ಲಾಯದ ಬಾಗಿಲಿನಿಂದ ಶುರುಮಾಡಿದ. ಹೂ ಬಿಡುವ ಮುಂಚೆ ಬೇರು ಸಮೇತ ಕಿತ್ತು ಸುಟ್ಟರೆ ಗರಿಕೆ ತಾನಾಗಿ ಮರಳುತ್ತದೆ ಎಂದು ಅವನ ನಂಬಿಕೆ. ಕೆಲವೇ ದಿನಗಳಲ್ಲಿ ಅವನ ಮೈಯಲ್ಲಿ ತುರಿಕೆ ಎದ್ದಿತು. ಮೊದಲು ಮೊಣಕೈಯ ಮಡಿಕೆಯಲ್ಲಿ, ಆಮೇಲೆ ಕತ್ತು, ಕಿವಿ, ರೆಪ್ಪೆ. ಚರ್ಮ ದಪ್ಪವಾಗಿ, ಕಪ್ಪಾಗಿ, ಬಿರಿದು ನೀರು ಸೋರುತ್ತಿತ್ತು. ನಮ್ಮ ಮನೆಗೆ ಒಮ್ಮೆ ಬೇವಿನ ಎಣ್ಣೆ ಕೇಳಲು ಬಂದಾಗ ನನಗೆ ಗುರುತೇ ಹತ್ತಲಿಲ್ಲ.

"ಬಿಟ್ಬಿಡು ಅಂಜಿನಪ್ಪ, ಮೈ ಉಳಿಸ್ಕೋ" ಎಂದೆ.

"ಬಾಗ್ಲ ಮುಂದೆ ಒಂದಿಷ್ಟು ಬಂದದೆ ಕಣ್ರವ್ವ, ಹುಲ್ಲು. ನೀವೇ ಬಂದು ನೋಡಿ" ಎಂದ. ಊದಿದ ಆ ಮುಖದಲ್ಲಿ ನಗು ಎಲ್ಲಿ ಮೂಡಿತೆಂದು ಹುಡುಕಬೇಕಾಗಿತ್ತು.

ಬಂದದ್ದು ನಿಜ. ಎರಡು ಹಾಸಿಗೆ ಹಾಸುವಷ್ಟು ಜಾಗದಲ್ಲಿ ಗರಿಕೆ ಚಿಗುರಿತ್ತು. ಒಂದು ಭಾನುವಾರ ಅವನು ಸಿಂಗಾರಿಯ ಹಗ್ಗ ಬಿಚ್ಚಿ ಅದರ ಮೇಲೆ ಬಿಟ್ಟ. ಒಂದು ಮಳೆಗಾಲ ಪೂರ್ತಿ ಅವನು ಮೈ ಕೊಟ್ಟು ತಂದ ಹುಲ್ಲನ್ನು ಅವಳು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಿ, ತಲೆಯೆತ್ತಿ, ಇನ್ನೂ ಎಲ್ಲಿ ಎನ್ನುವಂತೆ ಅವನ ಕಡೆ ನೋಡಿದಳು.

"ಆವತ್ತು ಅವರು ಉಣ್ಲಿಲ್ಲ ಕಣಮ್ಮ" ಎಂದಳು ಹಾಲಮ್ಮ. "ಗೋದಲಿ ಕಲ್ಲಿನ ಮ್ಯಾಲೆ ಕೂತ್ಬಿಟ್ರು."

ದೇವರು ಒಬ್ಬೊಬ್ಬರಿಗೆ ಒಂದೊಂದು ವಿಧದಲ್ಲಿ ಪರೀಕ್ಷೆ ಕೊಡುತ್ತಾನೆ ಎಂದು ನಾನು ಇತರರಿಗೆ ಎಷ್ಟೋ ಸಲ ಹೇಳಿದ್ದೇನೆ. ಆ ದಿನ ಹಾಲಮ್ಮನಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಅಂಜಿನಪ್ಪನ ಎರಡು ಕಣ್ಣೂ ಊದಿ ಮುಚ್ಚಿಕೊಂಡವು. ಮೂಟೆ ಹೊರುವುದು ನಿಂತಿತು. ಬೀರೂರಿನ ಡಾಕ್ಟರು ಕೈ ಮುಟ್ಟಿ ನೋಡಿ, ಔಷಧಿಯಿಂದ ಆಗುವುದಿಲ್ಲ, ಆ ಗಿಡದ ಗಾಳಿಯೂ ತಾಗದ ಕಡೆ ಹೋಗಿ ಇರು, ಇಲ್ಲದಿದ್ದರೆ ಹೀಗೇ ಆಗುತ್ತಿರುತ್ತದೆ ಎಂದರು. ಮಗಳು ತಿಪ್ಪಮ್ಮನನ್ನು ಅಜ್ಜಂಪುರಕ್ಕೆ ಕೊಟ್ಟಿದ್ದರು. ಅವಳ ಮನೆ ಪೇಟೆಯ ಓಣಿಯೊಳಗೆ, ಎರಡು ಕೋಣೆ. ಮನುಷ್ಯರು ಹೇಗೋ ಇರಬಹುದು. ಕುದುರೆ ಕಟ್ಟಲು ಒಂದು ಗೂಟಕ್ಕೂ ಜಾಗವಿಲ್ಲ.

ಹಾಲಮ್ಮನ ಚಿಕ್ಕಪ್ಪನ ಮಗ ರಾಮಯ್ಯ ತರೀಕೆರೆಯಲ್ಲಿ ಜಟಕಾ ಹೊಡೆಯುತ್ತಿದ್ದ. ಅವನ ಕುದುರೆ ಆಗಷ್ಟೇ ಸತ್ತಿತ್ತು. ಹೊಸದನ್ನು ಕೊಳ್ಳುವ ಶಕ್ತಿ ಅವನಿಗೂ ಇರಲಿಲ್ಲ. ಹಾಲಮ್ಮ ಅವನಿಗೆ ಹೇಳಿ ಕಳಿಸಿದಳು.

"ಹಗುರದ ಬಾಡಿಗೆಗೆ ಮಾತ್ರ ಕಟ್ತೀನಿ ಭಾವ. ಇಬ್ರು, ಹೆಚ್ಚಂದ್ರೆ ಮೂವರು" ಎಂದ ರಾಮಯ್ಯ.

ಅಂಜಿನಪ್ಪ ಮುಚ್ಚಿದ ಕಣ್ಣಿನಲ್ಲೇ ಗೋಡೆ ಹಿಡಿದುಕೊಂಡು ಹೋಗಿ ಸಿಂಗಾರಿಯ ಮುಖ, ಕತ್ತು, ಮುಂಗಾಲು ಸವರಿದ. ಗೊರಸು ಎತ್ತಿಸಿ ಲಾಳಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. "ಎಡ ಹಿಂಗಾಲಿಂದು ಸವೆದದೆ. ಕಟ್ಟೋ ಮುಂಚೆ ಹಾಕ್ಸು" ಎಂದ. ರಾಮಯ್ಯ ಹಗ್ಗ ಹಿಡಿದು ಹೊರಟ. ಬಾಗಿಲಿನಲ್ಲಿ ನಿಂತಿದ್ದ ಗಂಡನ ಬೆನ್ನನ್ನು ನೋಡಲಾರದೆ ಹಾಲಮ್ಮ ಒಲೆಯ ಮುಂದೆ ಕೂತಳು.

ಅಜ್ಜಂಪುರದಲ್ಲಿ ಚಳಿಗಾಲದ ಹೊತ್ತಿಗೆ ಊತ ಇಳಿದು ಅವನಿಗೆ ದೃಷ್ಟಿ ಮರಳಿ ಬಂತು. ಆದರೆ ಮೊದಲಿನ ಅಂಜಿನಪ್ಪ ಬರಲಿಲ್ಲ. ಮಗಳ ಮನೆಯ ಹೊಸ್ತಿಲ ಬಳಿ ಕೂತು, ಬೀದಿಯಲ್ಲಿ ಗಾಡಿಯ ಸದ್ದಾದರೆ ಎದ್ದು ಒಳಗೆ ಹೋಗುತ್ತಿದ್ದನಂತೆ. ಕರೆಕಲ್ಲಹಟ್ಟಿಯ ನೆಲವನ್ನು ಕೊಳ್ಳುವವರು ಯಾರೂ ಇರಲಿಲ್ಲ. ಕೊಳ್ಳುತ್ತೀರಾ ಎಂದು ಕೇಳಲು ಅವನೂ ಹೋಗಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ದಿನ ಯಾರಿಗೂ ಹೇಳದೆ ರೈಲು ಹತ್ತಿ, ಬೀರೂರಿನಲ್ಲಿ ಗಾಡಿ ಬದಲಿಸಿ, ತರೀಕೆರೆಗೆ ಹೋದ. ಅಲ್ಲಿ ನಡೆದದ್ದನ್ನು ರಾಮಯ್ಯ ಆಮೇಲೆ ಹಾಲಮ್ಮನಿಗೆ ಹೇಳಿದ. ಸ್ಟೇಷನ್ನಿನ ಹೊರಗೆ ರಾಮಯ್ಯನ ಜಟಕಾ ನಿಂತಿತ್ತು. ಮೂಕಿಯ ನಡುವೆ ಸಿಂಗಾರಿ. ಅಕ್ಕಪಕ್ಕ ಕಾಣದಂತೆ ಕಣ್ಣಿನ ಎರಡೂ ಮಗ್ಗುಲಿಗೆ ಪಟ್ಟಿ ಕಟ್ಟಿತ್ತು. ಪಕ್ಕೆಲುಬು ಎಣಿಸುವಂತಿದ್ದವು. ಗಾಡಿಯಲ್ಲಿ ಆಗಲೇ ಐದು ಜನ ಕೂತು, ಕಾಲ ಬಳಿ ಎರಡು ಮೂಟೆ ಹೇರಿಸಿಕೊಂಡಿದ್ದರು.

ಭಾವನನ್ನು ಕಂಡು ರಾಮಯ್ಯನ ಮುಖ ಬಾಡಿತು. "ಇವತ್ತೊಂದಿನ ಭಾವ. ಮೂರು ಜನಕ್ಕೆ ಹೊಡೆದ್ರೆ ಅದರ ಹೊಟ್ಟೆಗೂ ಆಗಲ್ಲ, ನಮ್ ಹೊಟ್ಟೆಗೂ ಆಗಲ್ಲ. ಆಟೋಗಳು ಬಂದ್ಬಿಟ್ಟವೆ."

ಅಂಜಿನಪ್ಪ ಅವನನ್ನು ಬೈಯಲಿಲ್ಲ. ಬೈಯುವ ಹಕ್ಕು ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಬಾ ಭಾವ, ಮುಂದಕ್ಕೆ ಬಾ. ಮೈ ಸವರು. ಗುರ್ತು ಹಿಡೀತಾಳೆ."

"ಬ್ಯಾಡ ಕಣೋ. ಮೆತ್ತಗೆ ಮಾತಾಡು."

"ಯಾಕೆ?"

"ಗುರ್ತು ಹಿಡಿದ್ರೆ ನಿಂತ್ಬಿಡ್ತಾಳೆ."

"ನಿಂತ್ರೆ ನಿಂತ್ಳು, ಒಂದು ಗಳಿಗೆ."

"ನಿಂತ್ರೆ ನೀನು ಹೊಡೀಬೇಕಾಗ್ತದೆ" ಎಂದ ಅಂಜಿನಪ್ಪ.

ರಾಮಯ್ಯ ತಲೆ ತಗ್ಗಿಸಿ ಗಾಡಿ ಹತ್ತಿದ. ಜಟಕಾ ಹೊರಟಿತು. ಅಂಜಿನಪ್ಪ ದೂರದಲ್ಲಿ, ಚಕ್ರದ ಹಿಂದೆ, ತನ್ನ ಮೈವಾಸನೆ ಗಾಳಿಯಲ್ಲಿ ಅವಳ ಕಡೆಗೆ ಹೋಗದ ಹಾಗೆ ಮಗ್ಗುಲು ಬದಲಿಸಿಕೊಂಡು ನಡೆದ. ಪೇಟೆಯ ಕಡೆ ರಸ್ತೆ ಏರುವಲ್ಲಿ ಸಿಂಗಾರಿಯ ಹಿಂಗಾಲು ಜಾರತೊಡಗಿದವು. ರಾಮಯ್ಯ ಚಾವಟಿ ಎತ್ತಿದವನು ಹಿಂದೆ ತಿರುಗಿ ನೋಡಿ ಇಳಿಸಿದ. ಅಂಜಿನಪ್ಪ ಬಂದು ಗಾಡಿಯ ಹಿಂದಿನ ಹಲಗೆಗೆ ಭುಜ ಕೊಟ್ಟ. ಬಿರಿದ ಚರ್ಮ ಹಲಗೆಗೆ ಉಜ್ಜುತ್ತಿತ್ತು. ಬಾಯಿಂದ ಅವಳ ಹೆಸರು ಬಾರದಂತೆ ಹಲ್ಲು ಕಚ್ಚಿ ನೂಕಿದ.

"ಯಾರಪ್ಪ ಇವನು?" ಎಂದು ಗಾಡಿಯಲ್ಲಿದ್ದ ಹೆಂಗಸೊಬ್ಬಳು ಕೇಳಿದಳು.

"ನೂಕೋನು" ಎಂದ ರಾಮಯ್ಯ.

ಏರು ಮುಗಿದ ಮೇಲೆ ಅಂಜಿನಪ್ಪ ಕೈ ಬಿಟ್ಟು ರಸ್ತೆಯ ನಡುವೆ ನಿಂತ. ಭಾರ ಹಗುರಾದದ್ದು ಏಕೆಂದು ಸಿಂಗಾರಿಗೆ ತಿಳಿಯಲಿಲ್ಲ. ಅವಳು ಹಾಗೇ ಮುಂದಕ್ಕೆ ಎಳೆದುಕೊಂಡು ಹೋದಳು.